ಗಾಳ ಹಿಡಿದ ಕೈ, ನೆತ್ತಿಯ ಮೇಲಿನ ಬಿಸಿಲು

ಬೇಸಿಗೆಯ ಚರ್ಮದ ಬಗ್ಗೆ ಪ್ರಶ್ನೆ ಕಳಿಸಿ ಎಂದಾಗ ಕರಾವಳಿಯಿಂದ ಬಂದ ಪತ್ರಗಳೇ ಹೆಚ್ಚು. ಬೋಟಿನಲ್ಲಿ ದುಡಿಯುವವರು, ಭಾನುವಾರ ಗಾಳ ಹಾಕಲು ಹೋಗುವವರು, ಮೀನು ಒಣಗಿಸುವ ಹೆಂಗಸರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರದನ್ನೂ ಬಿಟ್ಟಿದ್ದೇನೆ. ಊರು ಮಾತ್ರ ಉಳಿಸಿಕೊಂಡಿದ್ದೇನೆ.

ಬ್ಯಾಂಕಿನಲ್ಲಿ ಕೆಲಸ. ರಜೆ ಸಿಕ್ಕರೆ ಪಂಚಗಂಗಾವಳಿಯಲ್ಲಿ ಗಾಳ ಹಾಕುತ್ತೇನೆ. ಬೆಳಿಗ್ಗೆ ಎಸ್‌ಪಿಎಫ್ 50ರ ಕ್ರೀಮು ಹಚ್ಚಿಕೊಂಡೇ ಹೊರಡುತ್ತೇನೆ. ಮುಖಕ್ಕೆ ಏನೂ ಆಗಿಲ್ಲ. ಆದರೆ ಎರಡೂ ಕೈ ಮಣಿಕಟ್ಟಿನಿಂದ ಕೆಳಗೆ ಕರ್ರಗಾಗಿವೆ. ಕೌಂಟರಿನಲ್ಲಿ ಗಿರಾಕಿಗಳೇ ಕೇಳುತ್ತಾರೆ. ಇನ್ನೂ ಹೆಚ್ಚಿನ ಎಸ್‌ಪಿಎಫ್ ಬೇಕೇ?
ಕುಂದಾಪುರ

ಎಸ್‌ಪಿಎಫ್ ಏರಿಸಿ ಪ್ರಯೋಜನವಿಲ್ಲ. ಚರ್ಮ ಸುಡುವ ಕಿರಣಗಳಲ್ಲಿ 30ರ ಕ್ರೀಮು ಶೇ. 97ರಷ್ಟನ್ನು ತಡೆದರೆ 50ರದ್ದು ಶೇ. 98ರಷ್ಟನ್ನು ತಡೆಯುತ್ತದೆ. ಮುಖ ಉಳಿದು ಕೈ ಹೋದದ್ದಕ್ಕೆ ಕಾರಣ ಗಾಳದ ಕೆಲಸವೇ. ಸಿಗಡಿ ಪೋಣಿಸುತ್ತೀರಿ, ಕೈಯನ್ನು ಹೊಳೆಗೆ ಅದ್ದುತ್ತೀರಿ, ಬೈರಾಸಿಗೆ ಒರೆಸುತ್ತೀರಿ, ಮತ್ತೆ ಸಿಗಡಿ. ನಾಲ್ಕನೇ ಸಲ ಒರೆಸುವಷ್ಟರಲ್ಲಿ ಬೆಳಿಗ್ಗೆ ಹಚ್ಚಿದ್ದೆಲ್ಲ ಬೈರಾಸಿನ ಪಾಲು. ಟ್ಯೂಬಿನ ಮೇಲೆ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೂ ಅದು ನೀರಿನಲ್ಲಿ 40 ಅಥವಾ 80 ನಿಮಿಷ ತಾಳುತ್ತದೆ ಎಂದಷ್ಟೇ ಅರ್ಥ. ಉಜ್ಜಿ ಒರೆಸಿದರೆ ತಾಳುತ್ತದೆ ಎಂದು ಯಾರೂ ಹೇಳಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮು ಬಳಿದಿರುತ್ತಾರೆ. ಮನೆಯಲ್ಲಿ ಜನ ಹಚ್ಚುವುದು ಅದರ ಕಾಲುಭಾಗ, ಹೆಚ್ಚೆಂದರೆ ಅರ್ಧ. ಸರಿಯಾಗಿ ಹಚ್ಚುವುದಾದರೆ ಮುಖ ಮತ್ತು ಕುತ್ತಿಗೆಗೆ ಒಂದು ಟೀ ಚಮಚ, ಒಂದೊಂದು ತೋಳಿಗೆ ಒಂದೊಂದು, ಒಟ್ಟು ಸುಮಾರು 15 ಮಿ.ಲೀ. ಬೇಕು. ಎರಡು ಗಂಟೆಗೊಮ್ಮೆಯಂತೆ ಮೂರು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಒಂದೇ ಭಾನುವಾರಕ್ಕೆ ಬಹುಪಾಲು ಖಾಲಿ. ಬ್ಯಾಂಕಿನ ಸಂಬಳಕ್ಕೂ ಇದು ಭಾರವೇ. ಅದಕ್ಕೇ ನನ್ನ ಬಳಿ ಬರುವ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಮೊದಲು ಬಟ್ಟೆ. ಬಟ್ಟೆ ಮುಚ್ಚಲಾಗದ ಕಡೆಗೆ ಮಾತ್ರ ಕ್ರೀಮು.

ಬಟ್ಟೆಯೆಂದರೆ ಹಳೆಯ ಬಿಳಿ ಬನಿಯನ್ ಅಲ್ಲ. ಅಂಗಿಯನ್ನು ಬೆಳಕಿಗೆ ಹಿಡಿದು ಒಳಗೆ ಕೈಯಿಟ್ಟು ನೋಡಿ. ಬೆರಳು ಕಂಡರೆ ಬಿಸಿಲೂ ಒಳಗೆ ಬರುತ್ತದೆ ಎಂದೇ ತಿಳಿಯಿರಿ. ತೆಳು ಬಿಳಿ ಹತ್ತಿಬಟ್ಟೆ ಒದ್ದೆಯಾಯಿತೆಂದರೆ ಅದರ ತಡೆ ಇನ್ನೂ ಕುಸಿಯುತ್ತದೆ. ಗಟ್ಟಿ ನೇಯ್ಗೆಯ, ಕಡುಬಣ್ಣದ, ಪಾಲಿಯೆಸ್ಟರ್ ಬೆರೆತ ತುಂಬುತೋಳಿನ ಅಂಗಿ ಇದಕ್ಕಿಂತ ಎಷ್ಟೋ ಪಾಲು ಮೇಲು, ಬೇಗ ಒಣಗುತ್ತದೆ ಕೂಡ. ಯುಪಿಎಫ್ 50 ಎಂದು ಬರೆದ ಅಂಗಿ ಸಿಕ್ಕರೆ ಐವತ್ತರಲ್ಲಿ ಒಂದು ಪಾಲು ಕಿರಣವಷ್ಟೇ ಒಳಗೆ ದಾಟುತ್ತದೆ. ತೋಳಿನ ತುದಿಯಲ್ಲಿ ಹೆಬ್ಬೆರಳು ತೂರಿಸುವ ಕಂಡಿಯಿದ್ದರೆ ಇನ್ನೂ ಒಳ್ಳೆಯದು. ಬೈಕಿನವರು ಹಾಕುವ ಆರ್ಮ್ ಸ್ಲೀವ್ ಕೂಡ ಆದೀತು.

ಅದರ ಮೇಲೆ ಬೆರಳತುದಿ ತೆರೆದಿರುವ ತೆಳುವಾದ ಕೈಗವಸು ಹಾಕಿಕೊಳ್ಳಿ. ಗಂಟು ಹಾಕಲು, ಗಾಳ ಬಿಡಿಸಲು ತುದಿಗಳು ಬಿಡುವಾಗಿರುತ್ತವೆ. ರಾಡ್ ಹಿಡಿದಾಗ ನಿಮ್ಮ ಕೈಯನ್ನೊಮ್ಮೆ ನೋಡಿಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಆ ಮಡಿಕೆ ನೇರ ಆಕಾಶಕ್ಕೆ ಮುಖ ಮಾಡಿರುತ್ತದೆ. ಕೈಯಲ್ಲಿ ಮೊದಲು ಸುಡುವುದು ಅದು, ಹಚ್ಚುವಾಗ ಎಲ್ಲರೂ ಮರೆಯುವುದೂ ಅದನ್ನೇ. ಕ್ರೀಮನ್ನು ಅಂಗೈಗೆ ಹಾಕಿಕೊಳ್ಳಬೇಡಿ, ರಾಡ್ ಜಾರುತ್ತದೆ. ಒಂದು ಕೈಯ ಹಿಂಬದಿಗೆ ಹಿಂಡಿ ಇನ್ನೊಂದರ ಹಿಂಬದಿಯಿಂದ ತಿಕ್ಕಿ. ಬೆರಳ ಗೆಣ್ಣುಗಳ ಮೇಲೂ ಬರಲಿ. ಅಂಗೈ ಚರ್ಮ ದಪ್ಪ, ಅದಕ್ಕೆ ಬಿಸಿಲಿನ ಚಿಂತೆಯಿಲ್ಲ. ಈಗಾಗಲೇ ಬಂದಿರುವ ಕಪ್ಪು ಇವಿಷ್ಟನ್ನು ಪಾಲಿಸಿದರೆ ಕೆಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಬ್ಲೀಚ್ ಮಾಡಿಸಲು ಹೋಗಬೇಡಿ.

ಆಳಸಮುದ್ರ ಬೋಟಿನಲ್ಲಿ ಕಲಾಸಿ. ನಾವು ಹುಟ್ಟಾ ಕಪ್ಪು ಜನ, ಬಿಸಿಲು ನಮಗೆ ಹೊಸದಲ್ಲ. ಈ ಸನ್‌ಸ್ಕ್ರೀನ್ ಎಲ್ಲ ಎ.ಸಿ.ಯಲ್ಲಿ ಕೂರುವ ಬೆಳ್ಳಗಿನವರಿಗಲ್ಲವೇ ಡಾಕ್ಟ್ರೇ? ಕೆಳತುಟಿ ಮಾತ್ರ ಸದಾ ಸಿಪ್ಪೆ ಏಳುತ್ತದೆ, ಸೀಳುತ್ತದೆ. ಮಗಳು ಗ್ಲೌಸ್ ತಂದುಕೊಟ್ಟಿದ್ದಾಳೆ. ನಮ್ಮ ತಾಂಡೇಲರು (ಬೋಟು ನಡೆಸುವವರು) ಹಾಕಲು ಬಿಡುವುದಿಲ್ಲ. ಯಾರ ಮಾತು ಕೇಳಲಿ?
ಮಲ್ಪೆ

ನೀವು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಚರ್ಮದ ಬಣ್ಣ ಕೊಡುವ ಮೆಲನಿನ್ ದೇವರು ಕೊಟ್ಟ ಸನ್‌ಸ್ಕ್ರೀನ್. ತೀರಾ ಕಪ್ಪು ಚರ್ಮದ ಮೇಲ್ಪದರ ಸುಮಾರು ಎಸ್‌ಪಿಎಫ್ 13ರಷ್ಟು ಕೆಲಸ ಮಾಡಿದರೆ ಬಿಳಿಯರದು 3ರಷ್ಟು ಎಂದು ಅಳೆದಿದ್ದಾರೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆಯಿರುವುದಕ್ಕೆ ಮುಖ್ಯ ಕಾರಣ ಅದೇ. ಬಿಸಿಲಿಗೂ ಚರ್ಮದ ಕ್ಯಾನ್ಸರಿಗೂ ಇರುವ ನಂಟನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರಾದ ಜರ್ಮನಿಯ ಪಾಲ್ ಗೆರ್ಸನ್ ಉನ್ನಾ 1894ರಲ್ಲಿ ಬರೆದದ್ದು ಸಮುದ್ರದಲ್ಲಿ ದುಡಿಯುವವರ ಚರ್ಮದ ಬಗ್ಗೆಯೇ. ಅವರು ಇದ್ದದ್ದು ಹ್ಯಾಂಬರ್ಗ್ ಬಂದರಿನಲ್ಲಿ, ನೋಡಿದ್ದು ಬಿಳಿ ನಾವಿಕರನ್ನು. ಅವರಷ್ಟು ಅಪಾಯ ನಿಮಗಿಲ್ಲ.

ಆದರೆ ಮೈಯೆಲ್ಲ ಒಂದೇ ಸಮ ಕಪ್ಪಿಲ್ಲವಲ್ಲ. ತುಟಿಯಲ್ಲಿ ಮೆಲನಿನ್ ಕಡಿಮೆ, ಚರ್ಮ ತೆಳು, ಎಣ್ಣೆ ಸುರಿಸುವ ಗ್ರಂಥಿಗಳೂ ಇಲ್ಲದಂತೆಯೇ. ಕೆಳತುಟಿ ಮೇಲ್ಮುಖವಾಗಿ ಚಾಚಿರುವುದರಿಂದ ಬಿಸಿಲೆಲ್ಲ ಅದಕ್ಕೇ. ಉಪ್ಪುಗಾಳಿಗೆ ಒಣಗುತ್ತದೆ, ಒಣಗಿತೆಂದು ನಾಲಿಗೆ ಸವರುತ್ತೀರಿ, ಸವರಿದಷ್ಟೂ ಇನ್ನೂ ಒಣಗುತ್ತದೆ. ಎಸ್‌ಪಿಎಫ್ 30ರ ಲಿಪ್ ಬಾಮ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ, ಊಟ-ಚಹಾ ಆದಾಗಲೆಲ್ಲ ಹಚ್ಚಿ. ಬೀಡಿ, ಗುಟ್ಕಾ ಇದ್ದರೆ ಬಿಡಿ; ಬಿಸಿಲಿನ ಜೊತೆ ಅವೂ ಸೇರಿದರೆ ತುಟಿಯ ಸಂಗತಿ ಸಣ್ಣದಾಗಿ ಉಳಿಯುವುದಿಲ್ಲ. ಒಂದೇ ಜಾಗದಲ್ಲಿ ಮೂರು-ನಾಲ್ಕು ವಾರವಾದರೂ ಮಾಯದ ಹುಣ್ಣೋ ಬಿಳಿ ಮಚ್ಚೆಯೋ ಇದ್ದರೆ ಮುಂದಿನ ಟ್ರಿಪ್ಪಿಗೆ ಮುಂಚೆ ತೋರಿಸಿ.

ಕಣ್ಣಿಗೂ ಮೆಲನಿನ್ ಕಾವಲು ಸಾಲದು. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಮೀನು, ಏಡಿ ಹಿಡಿಯುವ 838 ಮಂದಿಯ ಕಣ್ಣು ಪರೀಕ್ಷಿಸಿ 1988ರಲ್ಲಿ ಒಂದು ವರದಿ ಪ್ರಕಟಿಸಿದರು. ಹೆಚ್ಚು ನೇರಳಾತೀತ ಕಿರಣ ಕಂಡವರಲ್ಲಿ ಒಂದು ಬಗೆಯ ಪೊರೆ ಹೆಚ್ಚು ಎಂಬುದು ಅದರ ಸಾರ. ಅಗಲ ಅಂಚಿನ ಟೊಪ್ಪಿ ಇಲ್ಲಿ ಕ್ರೀಮಿಗಿಂತ ದೊಡ್ಡ ಔಷಧ. ನಮ್ಮ ಹಾಳೆ ಮುಟ್ಟಾಳೆ ನೆತ್ತಿಗೆ ತಂಪು, ಆದರೆ ಅದಕ್ಕೆ ಅಂಚಿಲ್ಲ. ಕಣ್ಣು, ಕಿವಿ, ಕುತ್ತಿಗೆ ಬಿಸಿಲಿಗೇ ಬಿಟ್ಟಿರುತ್ತವೆ. ಅದೇ ಬೇಕೆನ್ನುವವರು ಕೆಳಗೆ ಬೈರಾಸು ಇಳಿಬಿಟ್ಟು ಕಟ್ಟಿಕೊಳ್ಳಲಿ.

ಇನ್ನು ಗ್ಲೌಸ್. ವಿಂಚ್ ತಿರುಗುವಾಗ, ರೋಪ್ ಓಡುವಾಗ ತಾಂಡೇಲರ ಮಾತೇ ಸರಿ. ಸಡಿಲ ಕೈಗವಸು ಹಗ್ಗಕ್ಕೆ ಸಿಕ್ಕಿತೆಂದರೆ ಹಿಂದೆಯೇ ಕೈಯೂ ಹೋಗುತ್ತದೆ, ಬಿಸಿಲಿನಿಂದ ಅಂಥ ಹಾನಿ ಆಗುವುದಿಲ್ಲ. ಬಲೆ ಮೇಲೆ ಬಂದು ಮೀನು ವಿಂಗಡಿಸಲು ಕುಳಿತಾಗ ಮಗಳು ಕೊಟ್ಟದ್ದು ಹಾಕಿಕೊಳ್ಳಿ. ಮುಳ್ಳಿಗೂ ಬಿಸಿಲಿಗೂ ಒಂದೇ ತಡೆ. ವಿಂಗಡಿಸುವ ಜಾಗದ ಮೇಲೊಂದು ಟಾರ್ಪಾಲು ಎಳೆಯಲು ತಾಂಡೇಲರನ್ನು ಒಪ್ಪಿಸಿದರೆ ಎಲ್ಲ ಕಲಾಸಿಗಳಿಗೂ ಪ್ರಯೋಜನ.

ಗೆಳೆಯರ ಜೊತೆ ಬಂಡೆಯ ಮೇಲಿಂದ ಗಾಳ ಹಾಕಿ ಬಂದ ಎರಡು ದಿನಕ್ಕೆ ಬಲಗೈ ಹಿಂಬದಿ ಉರಿದು ಗುಳ್ಳೆ ಎದ್ದಿತು. ಈಗ ಗುಳ್ಳೆ ಹೋಗಿ ಕಂದು ಗೀರುಗಳು ಉಳಿದಿವೆ. ಒಂದು ಗೀರು ಬೆರಳಿನಿಂದ ಮಣಿಕಟ್ಟಿನವರೆಗೆ ಹನಿ ಇಳಿದ ಹಾಗಿದೆ. ಅಂಬಲಿ ಮೀನು (ಜೆಲ್ಲಿಫಿಶ್) ತಾಗಿದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ನೀರಿಗೆ ನಾನು ಇಳಿದೇ ಇಲ್ಲ.
ಕಾರವಾರ

ನಿಮ್ಮ ಪತ್ರದ ಮಧ್ಯದಲ್ಲೊಂದು ಸಾಲಿದೆ: ಮೀನಿನ ವಾಸನೆ ಹೋಗಲೆಂದು ಅಲ್ಲೇ ನಿಂಬೆಹಣ್ಣು ಹಿಂಡಿ ಕೈ ಉಜ್ಜಿದಿರಿ, ಆಮೇಲೂ ಮಧ್ಯಾಹ್ನದವರೆಗೆ ಗಾಳ ಹಾಕಿದಿರಿ. ಉತ್ತರ ಅಲ್ಲಿಯೇ ಇದೆ.

ನಿಂಬೆಯ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ, ಸೊರಾಲೆನ್ ಜಾತಿಯ ರಾಸಾಯನಿಕಗಳಿವೆ. ನೆರಳಿನಲ್ಲಿ ಅವು ನಿರುಪದ್ರವಿ. ಚರ್ಮದ ಮೇಲಿರುವಾಗ ಬಿಸಿಲಿನ ಯುವಿಎ ಕಿರಣ ಬಿತ್ತೋ, ಕೆರಳಿ ಚರ್ಮದ ಕೋಶಗಳನ್ನೇ ಸುಡುತ್ತವೆ. ಕೂಡಲೇ ತಿಳಿಯುವುದಿಲ್ಲ, ಒಂದು ದಿನ ಬಿಟ್ಟು ಉರಿ ಶುರುವಾಗಿ ಎರಡು-ಮೂರನೇ ದಿನಕ್ಕೆ ಜೋರಾಗುತ್ತದೆ. ಅಷ್ಟರಲ್ಲಿ ನಿಂಬೆ ಹಿಂಡಿದ್ದು ಯಾರಿಗೂ ನೆನಪಿರುವುದಿಲ್ಲ, ಅಂಬಲಿ ಮೀನಿನ ಮೇಲೆ ಗೂಬೆ ಕೂರುತ್ತದೆ. ರಸ ಎಲ್ಲೆಲ್ಲಿ ಹರಿಯಿತೋ ಅಲ್ಲಲ್ಲೇ ಗುರುತು. ನಿಮ್ಮ ಮಣಿಕಟ್ಟಿನ ಗೀರು ಒಂದು ಹನಿ ಜಾರಿದ ದಾರಿ. ಬಲಗೈಗೆ ಮಾತ್ರ ಯಾಕೆ ಎಂದರೆ ಹಿಂಡಿದ ಕೈ ಅದೇ ಇರಬೇಕು.

ಕಂದು ಗುರುತು ಕೆಲವು ವಾರದಿಂದ ಕೆಲವು ತಿಂಗಳವರೆಗೆ ಇದ್ದು ಮಾಸುತ್ತದೆ. ಅಲ್ಲಿಯವರೆಗೆ ಆ ಭಾಗವನ್ನು ಬಿಸಿಲಿನಿಂದ ಮುಚ್ಚಿಡಿ, ಅಷ್ಟೇ. ವಾಸನೆಗೆ ಸಾಬೂನು, ಇಲ್ಲದಿದ್ದರೆ ಕಡಲೆಹಿಟ್ಟು. ನಿಂಬೆ ಬೇಕೇಬೇಕೆಂದರೆ ಮನೆಗೆ ಬಂದ ಮೇಲೆ ಉಜ್ಜಿ ಚೆನ್ನಾಗಿ ತೊಳೆದುಕೊಳ್ಳಿ.

ಮೀನು ಒಣಗಿಸಿ ಮಾರುತ್ತೇನೆ. ಎರಡನೇ ಹೆರಿಗೆಯ ನಂತರ ಕೆನ್ನೆಯಲ್ಲಿ ಬಂಗು ಬಂತು. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮಿಗೆ ಮೊದಲು ತುಂಬ ಕಡಿಮೆಯಾಯಿತು. ಈಗ ಹಚ್ಚುವುದು ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಬಿಸಿಲಿಗೆ ಹೋಗಲಿಕ್ಕೇ ಆಗುವುದಿಲ್ಲ. ಒಂದು ವರ್ಷದಿಂದ ಹಚ್ಚುತ್ತಿದ್ದೇನೆ. ಕೈಗೂ ಹಚ್ಚಬಹುದೇ?
ಗಂಗೊಳ್ಳಿ

ಅಮ್ಮಾ, ಕೈಗೆ ಹಚ್ಚಬೇಡಿ, ಮುಖಕ್ಕೂ ಸಾಕು. ನೀವು ಬರೆದು ಕಳಿಸಿರುವ ಹೆಸರು ನೋಡಿದೆ. ಅದರಲ್ಲಿ ಮೂರು ಔಷಧಗಳಿವೆ, ಒಂದು ಸ್ಟೀರಾಯ್ಡ್. ವೈದ್ಯರು ಕೊಟ್ಟರೂ ಕೆಲವೇ ವಾರಕ್ಕೆಂದು ಬರೆಯುವ ಔಷಧ ಅದು. ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನರದ ಗೆರೆ ಕಾಣುತ್ತದೆ, ಮೊಡವೆ ಏಳುತ್ತದೆ, ಹಚ್ಚುವುದು ಬಿಟ್ಟ ದಿನ ಉರಿ ಹತ್ತುತ್ತದೆ. ಉರಿ ಕಂಡು ಮತ್ತೆ ಹಚ್ಚುತ್ತೀರಿ. ಬೆಳ್ಳಗಾಗುವ ಕ್ರೀಮೆಂದು ಚೀಟಿಯಿಲ್ಲದೆ ಇದನ್ನು ಕೈಗಿಡುವ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ವಾರದಲ್ಲಿ ಇಂಥ ಒಂದಾದರೂ ಮುಖ ನನ್ನ ಮುಂದೆ ಬಂದು ಕೂರುತ್ತದೆ. ನೀವಾಗಿಯೇ ಒಮ್ಮೆಲೇ ನಿಲ್ಲಿಸಿ ಒದ್ದಾಡಬೇಡಿ. ಚರ್ಮವೈದ್ಯರಿಗೆ ತೋರಿಸಿ, ಅದನ್ನು ಇಳಿಸುತ್ತ ಬಿಡಿಸುವ ಕ್ರಮವಿದೆ.

ಬಂಗಿಗೆ ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನ ಎಲ್ಲವೂ ಕಾರಣವಾಗಬಹುದು. ಅದನ್ನು ಹೋಗಗೊಡದೆ ಉಳಿಸುವುದು ಮಾತ್ರ ಬಿಸಿಲು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆದಕುವುದರಿಂದ ಸಾದಾ ಸನ್‌ಸ್ಕ್ರೀನಿಗಿಂತ ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ನಿಮಗೆ ಹೊಂದುತ್ತದೆ. ಮರಳಿನ ಮೇಲೆ ಕೂತು ಮೀನು ಮಗುಚುವಾಗ ಬಿಸಿಲು ಕೆಳಗಿನಿಂದಲೂ ಬರುತ್ತದೆ. ಒಣ ಮರಳು ಸುಮಾರು ಶೇ. 15ರಷ್ಟು ನೇರಳಾತೀತ ಕಿರಣವನ್ನು ವಾಪಸು ಎಸೆಯುತ್ತದೆ. ಸೆರಗು ತಲೆಯ ಮೇಲಿದ್ದರೆ ಸಾಲದು, ಕೆನ್ನೆಗೂ ಸುತ್ತಿ ಬರಲಿ. ಸೀರೆ-ರವಿಕೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು ಗದ್ದೆ ಕೆಲಸ ಮಾಡುವವರಿದ್ದಾರಲ್ಲ, ಅದನ್ನೇ ನೀವೂ ಮಾಡಿ. ಮೀನು ಹರಡುವುದು, ಮಗುಚುವುದು ಹತ್ತು ಗಂಟೆಯೊಳಗೋ ಮೂರರ ನಂತರವೋ ಆದರೆ ಅರ್ಧ ಕಷ್ಟ ಕಳೆಯಿತು. ಇಡೀ ದಿನದ ನೇರಳಾತೀತ ಕಿರಣದಲ್ಲಿ ಸುಮಾರು ಶೇ. 60 ಬೀಳುವುದು ಹತ್ತರಿಂದ ಎರಡರ ನಡುವೆ.

ಮಳೆಗಾಲದಲ್ಲಿ ಹೊಳೆ ಮೀನಿಗೆ ಹೋಗುವ ಮಗನಿಗೆ ಇಲಿಜ್ವರ ಬಾರದಿರಲೆಂದು ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ನುಂಗಿ ಬಿಸಿಲಿಗೆ ಹೋದರೆ ಮೈ ಸುಡುತ್ತದಂತೆ. ಮಾತ್ರೆ ನಿಲ್ಲಿಸಲೇ?
ಬೈಂದೂರು

ನಿಲ್ಲಿಸಬೇಡಿ. ಇಲಿಜ್ವರ ಪ್ರಾಣಕ್ಕೇ ಬರಬಹುದು, ಬಿಸಿಲುಗಂದು ಹಾಗಲ್ಲ. ಕೆಲವರಿಗೆ ಈ ಮಾತ್ರೆಯಿಂದ ಚರ್ಮ ಬೇಗ ಸುಡುವುದು ನಿಜ, ಹೆಚ್ಚಾಗಿ ಕೈಯ ಹಿಂಬದಿ ಮತ್ತು ಮೂಗು. ತುಂಬುತೋಳು, ಟೊಪ್ಪಿ ಇರಲಿ. ಸುಟ್ಟಂತಾದರೆ ಕೊಟ್ಟ ವೈದ್ಯರಿಗೆ ಹೇಳಿ. ಇನ್ನೊಂದು ವಿಷಯ: ಆ ಮಾತ್ರೆಯನ್ನು ತುಂಬಾ ನೀರು ಕುಡಿದು ನುಂಗಬೇಕು, ನುಂಗಿ ಕೂಡಲೇ ಮಲಗಬಾರದು. ಮನೆಯಲ್ಲಿ ಯಾರಾದರೂ ಬಿ.ಪಿ.ಗೆ ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆ ನುಂಗುತ್ತಿದ್ದರೆ ಅವರಿಗೂ ಬಿಸಿಲಿನ ಈ ಎಚ್ಚರ ಬೇಕು.

ನನಗೆ 28. ಎರಡೂ ಕೈಗಳ ಹಿಂಬದಿಯಲ್ಲಿ, ಬೆರಳತುದಿಯಲ್ಲಿ ತೊನ್ನು ಇದೆ. ನಾಡದೋಣಿಯಲ್ಲಿ ಮೀನಿಗೆ ಹೋಗುತ್ತೇನೆ. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೈಯೊಡ್ಡು ಎಂದು ಪರಿಚಯದವರು ಹೇಳಿದರು. ಹೇಗೂ ದೋಣಿಯಲ್ಲಿ ಬಿಸಿಲಿಗೆ ಬರವಿಲ್ಲ, ಹಚ್ಚಿಕೊಂಡೇ ಹೋಗಲೇ? ನಾನು ಮುಟ್ಟಿದ ಮೀನು ಬೇಡ ಎನ್ನುವವರೂ ಇದ್ದಾರೆ.
ಅಂಕೋಲಾ

ಹಚ್ಚಿಕೊಂಡು ದೋಣಿ ಹತ್ತಲೇಬೇಡಿ. ಕಾರವಾರದವರ ಕೈ ಸುಟ್ಟ ಸೊರಾಲೆನ್ ಬಾವಂಚಿ ಬೀಜದಲ್ಲೂ ಇದೆ. ಅದರಿಂದ ತೊನ್ನಿಗೆ ಚಿಕಿತ್ಸೆ ಇರುವುದು ಸುಳ್ಳಲ್ಲ. ಈಜಿಪ್ಟಿನ ವೈದ್ಯ ಎಲ್ ಮೊಫ್ಟಿ 1940ರ ದಶಕದಲ್ಲಿ ಬೇರೊಂದು ಗಿಡದಿಂದ ತೆಗೆದ ಸೊರಾಲೆನ್ನನ್ನು ಆಧುನಿಕ ವೈದ್ಯಕ್ಕೆ ತಂದರು. ಆದರೆ ಅಲ್ಲಿ ಬೆಳಕನ್ನು ನಿಮಿಷ ಎಣಿಸಿ ಕೊಡುತ್ತಾರೆ. ನೀವು ಕೊಡಲು ಹೊರಟಿರುವುದು ಗಂಟೆಗಟ್ಟಲೆ. ಕೈತುಂಬ ಬೊಬ್ಬೆ ಏಳುತ್ತದೆ, ಮಾಯುವಾಗ ಸುತ್ತಲೂ ಹೊಸ ಬಿಳಿ ಬಂದರೂ ಬರಬಹುದು. ತೊನ್ನಿನ ಸ್ವಭಾವವೇ ಅದು: ಪೆಟ್ಟಾದ, ತಿಕ್ಕಿದ, ಸುಟ್ಟ ಕಡೆ ಹಬ್ಬುತ್ತದೆ. ಬಲೆಯ ಹಗ್ಗ ಉಜ್ಜುವ ಬೆರಳಿಗೂ ಅದೇ ಮಾತು. ಆದ್ದರಿಂದ ನಿಮಗೆ ಕೈಗವಸು ಬೇರೆಯವರಿಗಿಂತ ಹೆಚ್ಚು ಅಗತ್ಯ. ಬಿಳಿಯಾದ ಕಡೆ ಮೆಲನಿನ್ನಿನ ಕಾವಲು ಇಲ್ಲ, ಬೇಗ ಸುಡುತ್ತದೆ. ಅಲ್ಲಿಗೆ ಮಾತ್ರವಲ್ಲದೆ ಸುತ್ತಲಿನ ಚರ್ಮಕ್ಕೂ ಸನ್‌ಸ್ಕ್ರೀನ್ ಹಚ್ಚಿ. ಸುತ್ತಲಿನದು ಕಪ್ಪಾಗದಿದ್ದರೆ ಮಚ್ಚೆ ಅಷ್ಟು ಎದ್ದು ಕಾಣುವುದಿಲ್ಲ. ಬೆರಳತುದಿಗೆ ಬಣ್ಣ ಮರಳುವುದು ಕಷ್ಟ ಎಂದು ಮೊದಲೇ ಹೇಳಿಬಿಡುತ್ತೇನೆ, ಮುಖದ ಮಚ್ಚೆಯಷ್ಟು ಸುಲಭವಾಗಿ ಅದು ಮಣಿಯುವುದಿಲ್ಲ.

ತೊನ್ನು ಅಂಟುರೋಗವಲ್ಲ. ಮೀನಿನಿಂದ, ಕೈಯಿಂದ, ಹಾಸಿಗೆಯಿಂದ, ಎಂಜಲಿನಿಂದ, ಯಾವುದರಿಂದಲೂ ಅಂಟುವುದಿಲ್ಲ. ಮೀನು ಬೇಡ ಎಂದವರಿಗೆ ಈ ಪುಟ ತೋರಿಸಿ.

ಡಿಸೆಂಬರಿನ ಚಳಿಯಲ್ಲಿ, ಮೋಡವಿದ್ದ ದಿನ ಕಾವೇರಿಯಲ್ಲಿ ಗಾಳ ಹಾಕಿದ್ದು. ಬಿಸಿಯೇ ಆಗಲಿಲ್ಲ. ಆದರೂ ಮೂಗು ಸುಟ್ಟಿದೆ. ಹೇಗೆ?
ಕುಶಾಲನಗರ

ನಮಗೆ ಬಿಸಿ ಅನ್ನಿಸುವ ಕಿರಣ ಬೇರೆ, ಚರ್ಮ ಸುಡುವ ಕಿರಣ ಬೇರೆ. ತಂಗಾಳಿ ಮೊದಲಿನದನ್ನು ಮರೆಸುತ್ತದೆ, ಎರಡನೆಯದನ್ನು ತಡೆಯುವುದಿಲ್ಲ. ತೆಳು ಮೋಡ ಶೇ. 80ರವರೆಗೂ ದಾಟಿಸುತ್ತದೆ. ಸಾವಿರ ಮೀಟರ್ ಎತ್ತರಕ್ಕೆ ಹೋದರೆ ಕಿರಣದ ಬಲ ಸುಮಾರು ಶೇ. 10 ಹೆಚ್ಚು, ನಿಮ್ಮೂರು ಅದರ ಹತ್ತಿರ ಹತ್ತಿರ ಇದೆ. ನೀರು ಕನ್ನಡಿಯಂತೆ ಎಲ್ಲವನ್ನೂ ಎಸೆಯುತ್ತದೆ ಎಂಬುದು ಮಾತ್ರ ಉತ್ಪ್ರೇಕ್ಷೆ. ಶಾಂತ ನೀರು ನೇರಳಾತೀತ ಕಿರಣದಲ್ಲಿ ಶೇ. 10ನ್ನೂ ವಾಪಸು ಕಳಿಸುವುದಿಲ್ಲ. ಬಯಲಾದ ಆಕಾಶವೇ ನಿಮ್ಮ ಮೂಗನ್ನು ಸುಟ್ಟದ್ದು. ಪೋಲರೈಸ್ಡ್ ಕನ್ನಡಕ ಹಾಕಿಕೊಂಡಿದ್ದೆ ಎಂದಿದ್ದೀರಿ. ಅದು ನೀರಿನ ಪ್ರತಿಫಲನ ಕಳೆದು ಮೀನು ತೋರಿಸುತ್ತದೆ. ಕಣ್ಣಿಗೆ ರಕ್ಷಣೆ ಬೇಕಾದರೆ ಯುವಿ 400 ಎಂದು ಬರೆದಿದೆಯೇ ನೋಡಿ.

ನೇತ್ರಾಣಿ ಕಡೆ ಗಾಳಕ್ಕೆ ಹೋಗುತ್ತೇವೆ. ಸನ್‌ಸ್ಕ್ರೀನಿನಿಂದ ಹವಳ ಸಾಯುತ್ತದಂತೆ, ಹೌದೇ?
ಭಟ್ಕಳ

ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ಎರಡರ ಮೇಲೆ ಆ ಅನುಮಾನವಿದೆ. ಹವಾಯಿಯಲ್ಲಿ ಅವೆರಡರಲ್ಲಿ ಯಾವುದಾದರೊಂದು ಇರುವ ಸನ್‌ಸ್ಕ್ರೀನಿನ ಮಾರಾಟ 2021ರಿಂದ ಬಂದ್. ಜಿಂಕ್ ಆಕ್ಸೈಡಿನದು ಕೊಳ್ಳಿ; ಮುಖ ತುಸು ಬೆಳ್ಳಗೆ ಕಂಡರೆ ಮೀನಿಗೇನೂ ಬೇಸರವಿಲ್ಲ. ತುಂಬುತೋಳು ಹಾಕಿದರೆ ಹಚ್ಚಬೇಕಾದದ್ದೇ ಕಡಿಮೆ.

ಅಜ್ಜನಿಗೆ 74. ಹರೆಯದಿಂದ ಕೈರಂಪಣಿ ಬಲೆ ಎಳೆದವರು. ಎಡಗೈ ಹಿಂಬದಿಯಲ್ಲಿ ಒಂದು ಒರಟು ಗಂಟು, ಮೇಲೆ ಹೊಪ್ಪಳೆ. ಕಿತ್ತರೆ ರಕ್ತ ಬರುತ್ತದೆ, ಮತ್ತೆ ಕಟ್ಟುತ್ತದೆ. ಆರು ತಿಂಗಳಾಯಿತು. ‘ಮುಳ್ಳು ಚುಚ್ಚಿದ್ದು, ಹೋಗುತ್ತದೆ’ ಎನ್ನುತ್ತಾರೆ.
ಕೋಟ

ಮುಳ್ಳೇ ಇರಬಹುದು. ಮೀನಿನ ಮುಳ್ಳು ಚುಚ್ಚಿದ ಗಾಯದಲ್ಲಿ ನಿಧಾನವಾಗಿ ಬೆಳೆಯುವ, ಕ್ಷಯದ ಕುಲದ ಒಂದು ರೋಗಾಣು ಸೇರಿಕೊಂಡು ತಿಂಗಳುಗಟ್ಟಲೆ ಇಂಥದೇ ಗಂಟು ಮಾಡುತ್ತದೆ, ಅದಕ್ಕೆ ಮಾತ್ರೆಯಿದೆ. ಹಾಗಲ್ಲದೆ ದಶಕಗಳ ಬಿಸಿಲಿನಿಂದ ಬಂದ ಕ್ಯಾನ್ಸರಿನ ಮೊದಲ ಹಂತವೂ ಆಗಿರಬಹುದು. ನಮ್ಮವರಲ್ಲಿ ಅಪರೂಪ, ಆದರೆ ಇಲ್ಲವೆಂದಲ್ಲ. ಎರಡನ್ನೂ ಬರಿಗಣ್ಣಿನಲ್ಲಿ ನೋಡಿ ಬೇರ್ಪಡಿಸಲಾಗದು, ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಜಾಗ ಮರಗಟ್ಟಿಸಿ ಹತ್ತು-ಹದಿನೈದು ನಿಮಿಷದಲ್ಲಿ ಮುಗಿಯುವ ಕೆಲಸ, ಅಜ್ಜ ಅದೇ ದಿನ ಮನೆಗೆ ಬರಬಹುದು.

ಈ ವಾರವೇ ಜಿಲ್ಲಾಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದುಕೊಂಡು ಹೋಗಿ. ಹಿಂದಿನ ದಿನದಿಂದ ಗಂಟಿಗೆ ಎಣ್ಣೆ, ಅರಿಸಿನ, ಯಾವುದೂ ಬೇಡ. ಹೊಪ್ಪಳೆ ಕೀಳುವುದೂ ಬೇಡ. ಅಜ್ಜ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ, ರಕ್ತ ತೆಳು ಮಾಡುವ ಮಾತ್ರೆಯಿದ್ದರೆ ಮೊದಲೇ ಹೇಳಿ. ಕಂಕುಳಲ್ಲಿ, ಮೊಣಕೈ ಒಳಬದಿಯಲ್ಲಿ ಗೆಡ್ಡೆ ಸಿಗುತ್ತದೆಯೇ ಎಂದು ವೈದ್ಯರು ಮುಟ್ಟಿ ನೋಡುತ್ತಾರೆ, ಸುಲಭವಾಗಿ ಕಳಚುವ ಅಂಗಿ ಹಾಕಿಸಿಕೊಂಡು ಹೋಗಿ.